ಹಳೇಬೀಡು ಮಧ್ಯಾಹ್ನ ಎರಡಕ್ಕೆ, ಕುದುರೆಮುಖ ಬೆಳಿಗ್ಗೆ ಆರೂವರೆಗೆ

ಸ್ವಂತ ಗಾಡಿ ಇಲ್ಲದೆ ಹಾಸನದಿಂದ ಹೊರಟು ಎರಡೇ ದಿನದಲ್ಲಿ ಬೇಲೂರು, ಹಳೇಬೀಡು, ಕುದುರೆಮುಖ ಶಿಖರ ಮೂರೂ ಮುಗಿಸುವುದು ಆಗದ ಮಾತು ಅಂತ ಚಾರಣ ಮಾಡುವವರೆಲ್ಲ ತಲೆ ಅಲ್ಲಾಡಿಸಿದ್ದರು. ಆಗುತ್ತದೆ. ಅದೂ ಫೋಟೊ ತೆಗೆದು ಓಡುವ ಹಾಗಲ್ಲ, ಗೋಡೆ ಮುಂದೆ ನಿಂತು ನೋಡಿಕೊಂಡೇ. ತಲೆಗೆ ಮೂರು ಸಾವಿರದ ಆಸುಪಾಸು ಖರ್ಚು. ಭಾನುವಾರ ಗುಡಿ, ಸೋಮವಾರ ಬೆಟ್ಟ, ಹಳೇಬೀಡಿನಿಂದ ಮೂರು ಗಂಟೆಗೇ ಜಾಗ ಖಾಲಿ ಮಾಡುವುದು. ಯೋಜನೆ ನಿಂತಿರುವುದು ಇಷ್ಟರ ಮೇಲೆ.

ಬೆಟ್ಟ ಮೊದಲು ಇಟ್ಟುಕೊಂಡ ಲೆಕ್ಕಗಳೆಲ್ಲ ಒಂದೇ ಕಡೆ ಮುಗ್ಗರಿಸಿದವು. ಕುದುರೆಮುಖ ಹೋಗಿಬರಲು ಹತ್ತಿರಹತ್ತಿರ 20 ಕಿ.ಮೀ. ಇಳಿದ ಮಾರನೇ ದಿನ ಮೊಣಕಾಲು ಮಾತು ಕೇಳುವುದಿಲ್ಲ, ಹಿಮ್ಮಡಿಯಲ್ಲಿ ಬೊಬ್ಬೆ. ಆ ಕಾಲಲ್ಲಿ ಬೇಲೂರಿನ ಕಲ್ಲುಹಾಸಿನ ಮೇಲೆ ಬರಿಗಾಲಲ್ಲಿ ನಡೆಯಬೇಕು. ಹನ್ನೊಂದು ದಾಟಿತೆಂದರೆ ಆ ಕಲ್ಲು ಕಾದ ಕಾವಲಿ. ಗುಡಿ ನಿಂತಿರುವ ಎತ್ತರದ ಕಟ್ಟೆಯಾದ ಜಗತಿ ಸುತ್ತಲು ಹೋದವರು ನೆರಳು ಹುಡುಕಿಕೊಂಡು ಕೂತುಬಿಡುತ್ತಾರೆ, ಗುಡಿ ನೋಡುವುದು ಅಲ್ಲಿಗೆ ಮುಗಿಯಿತು.

ಗುಡಿ ಮೊದಲು ಇಟ್ಟರೆ ಸಂಜೆ ಬಸ್ಸಿನ ತಕರಾರು ಏಳುತ್ತದೆ. ಹಳೇಬೀಡಿನ ಹೊಯ್ಸಳೇಶ್ವರದ ದೊಡ್ಡ ಶಿಲ್ಪಗಳ ಸಾಲು ಇರುವುದು ಪಶ್ಚಿಮದ ಗೋಡೆಯಲ್ಲಿ. ಅದಕ್ಕೆ ಸಂಜೆ ಬಿಸಿಲೇ ಬೇಕು, ಐದರವರೆಗೆ ಕಾಯಿರಿ ಅಂತ ಎಲ್ಲರ ಉಪದೇಶ. ಐದರವರೆಗೆ ಕಾದರೆ ಮೂಡಿಗೆರೆಯಲ್ಲಿ, ಕುದುರೆಮುಖದ ಹತ್ತಿರದ ಊರಾದ ಕಳಸದ ಬಸ್ಸು ಕೈತಪ್ಪುತ್ತದೆ. ನಿಜ ಹೇಳಬೇಕೆಂದರೆ ಐದರ ಬಿಸಿಲು ಆ ಗೋಡೆಗೆ ಒಳ್ಳೆಯದೂ ಅಲ್ಲ. ಆಗ ಸೂರ್ಯ ನೇರ ಎದುರಿಗೆ ಬಂದಿರುತ್ತಾನೆ, ಬಣ್ಣ ಚೆನ್ನ, ಆದರೆ ನೆರಳು ಬೀಳದೆ ಶಿಲ್ಪ ಚಪ್ಪಟೆಯಾಗಿ ಕಾಣುತ್ತದೆ. ನವೆಂಬರ್–ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಎರಡು ಗಂಟೆ ಸುಮಾರಿಗೆ ಬೆಳಕು ನೈಋತ್ಯದ ಕಡೆಯಿಂದ ಗೋಡೆಯನ್ನು ಸವರಿಕೊಂಡು ಹೋಗುತ್ತದೆ. ಬಳಪದ ಕಲ್ಲಿನಲ್ಲಿ ಸರದ ಮಣಿಗಳ ಹಿಂದೆಯೂ ಉಳಿ ಹಾಯಿಸಿ ಕೊರೆದಿದ್ದಾರಲ್ಲ, ಆ ಸಂದಿನ ನೆರಳು ಕಾಣುವುದು ಆಗಲೇ. ಒಂದೊಂದು ಮಣಿ ಬೇರೆಬೇರೆಯಾಗಿ ಎದ್ದು ನಿಲ್ಲುತ್ತದೆ. ಎರಡರಿಂದ ಮೂರು, ಒಂದು ಗಂಟೆ ಸಾಕು. ಏಪ್ರಿಲ್‌ನಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಸೂರ್ಯ ನೆತ್ತಿಯ ಮೇಲೆ ಬಂದು ಸೂರಿನ ನೆರಳು ಶಿಲ್ಪದ ಮೇಲೇ ಬೀಳುತ್ತದೆ.

ಹಾಗಾಗಿ ಹಾಸನದಿಂದ ಏಳರೊಳಗಿನ ಬಸ್ಸು, ಎಂಟು–ಎಂಟೂಕಾಲಿಗೆ ಬೇಲೂರು. 1117ರ ಚೆನ್ನಕೇಶವ ಇವತ್ತಿಗೂ ಪೂಜೆ ನಡೆಯುವ ಗುಡಿ, ಮಧ್ಯಾಹ್ನ ಗರ್ಭಗುಡಿ ಮುಚ್ಚುತ್ತದೆ, ಆದ್ದರಿಂದ ಒಳಗಿನದು ಮೊದಲು. ಪೂರ್ವದ ಬಾಗಿಲ ಅಕ್ಕಪಕ್ಕದ ಮದನಿಕೆಯರಿಗೆ (ಶಿಲಾಬಾಲಿಕೆಯರಿಗೆ) ಬೆಳಗಿನ ಬಿಸಿಲೇ ಸರಿ. ಮದನಿಕೆಯರು ಹೊರಗೆ 38, ಒಳಗೆ 4. ಒಳಗಿನ ನಾಲ್ವರನ್ನು ನೋಡದೆ ಬರುವವರೇ ಜಾಸ್ತಿ. ಒಳಗಿನ ಕಂಬಗಳ ಮಂಟಪವಾದ ನವರಂಗದಲ್ಲಿ ಟಾರ್ಚನ್ನು ಕಂಬಕ್ಕೆ ನೇರ ಹಿಡಿಯಬೇಡಿ, ಪಕ್ಕದಿಂದ ಓರೆಯಾಗಿ ಹಿಡಿಯಿರಿ. ಹಳೇಬೀಡಿನ ಎರಡು ಗಂಟೆಯ ಲೆಕ್ಕವೇ ಇಲ್ಲಿಯೂ. ನರಸಿಂಹ ಕಂಬದ ಪುಟಾಣಿ ಶಿಲ್ಪಗಳು ಹಾಗೆ ಹಿಡಿದರೆ ಮಾತ್ರ ಬಿಡಿಬಿಡಿಯಾಗಿ ಕಾಣುತ್ತವೆ. ಗೈಡಿಗೆ 400–500 ಆಗಬಹುದು. ಮೂರ್ನಾಲ್ಕು ಜನ ಸೇರಿದರೆ ಕೊಟ್ಟಿದ್ದಕ್ಕೆ ಮೋಸವಿಲ್ಲ.

ಹನ್ನೊಂದಕ್ಕೆ ಬೇಲೂರು ಬಿಟ್ಟರೆ ಹಳೇಬೀಡು 16–17 ಕಿ.ಮೀ. ಉರಿಬಿಸಿಲಿನ ಹೊತ್ತನ್ನು ಬಸ್ತಿಹಳ್ಳಿಯ ಪಾರ್ಶ್ವನಾಥ ಬಸದಿಯ ತಣ್ಣನೆ ಕಂಬಗಳ ನಡುವೆ, ಆಮೇಲೆ ಕೇದಾರೇಶ್ವರದಲ್ಲಿ ಕಳೆಯುವುದು. ಮ್ಯೂಸಿಯಂ ಶುಕ್ರವಾರ ರಜಾ, ಭಾನುವಾರ ತೊಂದರೆಯಿಲ್ಲ. ಕಾದ ಕಲ್ಲಿನ ಮೇಲೆ ನಡೆಯಲು ದಪ್ಪ ಹತ್ತಿ ಕಾಲುಚೀಲ ಒಂದು ಜೊತೆ ಚೀಲದಲ್ಲಿರಲಿ. ಬೆಳವಾಡಿಯನ್ನು ತುರುಕುವ ಆಸೆ ಎಲ್ಲರಿಗೂ ಬರುತ್ತದೆ. ಆಟೊದಲ್ಲಿ ಹೋಗಿ ನೋಡಿದ್ದಾಯಿತು, ಎರಡು ಗಂಟೆ ನುಂಗಿತು. ಆ ವೀರನಾರಾಯಣನ ಕಡೆದ ಕಂಬಗಳನ್ನು ಅವಸರದಲ್ಲಿ ನೋಡುವುದು ಪಾಪ. ಅದನ್ನು ಚಿಕ್ಕಮಗಳೂರು–ಮುಳ್ಳಯ್ಯನಗಿರಿ ದಿನಕ್ಕೆ ಸೇರಿಸಿಕೊಳ್ಳಿ.

ಮೂರಕ್ಕೆ ಹೊರಟು ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ, ಕಳಸ. ಮೂಡಿಗೆರೆ ಸ್ಟ್ಯಾಂಡಿನಲ್ಲಿ ಐದರೊಳಗೆ ಇದ್ದರೆ ಎದೆ ಹೊಡೆದುಕೊಳ್ಳಬೇಕಿಲ್ಲ. ಕೊಟ್ಟಿಗೆಹಾರದ ನೀರುದೋಸೆಗೆ ಇಳಿಯುವುದಾದರೆ ಮುಂದಿನ ಬಸ್ಸು ಯಾವಾಗ ಅಂತ ಕಂಡಕ್ಟರನ್ನು ಕೇಳಿಕೊಂಡೇ ಇಳಿಯಿರಿ. ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸು ಶಕ್ತಿ ಯೋಜನೆಯಲ್ಲಿ ಉಚಿತ, ಅವರ ಖರ್ಚು ಅಷ್ಟು ಇಳಿಯುತ್ತದೆ. ರಾಜಹಂಸದಂಥ ಐಷಾರಾಮಿ ಬಸ್ಸಿಗೆ ಅದು ಅನ್ವಯಿಸದು. ರಾತ್ರಿ ಕಳಸದ ಪಕ್ಕದ ಸಂಸೆಯ ಹೋಂಸ್ಟೇ, ಊಟ–ತಿಂಡಿ ಸೇರಿ 1,200–1,500. ಬೆಳಿಗ್ಗೆ ಐದೂವರೆಗೇ ಬುತ್ತಿ ಕಟ್ಟಿಕೊಡುವ ಮನೆ ಯಾವುದು ಅನ್ನುವುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ಅವರಿಗೂ ಜನ ಜಾಸ್ತಿಯಾಗುವುದು ಬೇಡವಂತೆ.

ಕುದುರೆಮುಖ ಹತ್ತಲು ಪರವಾನಗಿ ಸಿಗುವುದು ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ. ದಿನಕ್ಕೆ 300 ಜನರ ಮಿತಿ. ಶನಿವಾರ, ಭಾನುವಾರದ ಟಿಕೆಟು ಬೆಂಗಳೂರಿನವರ ಪಾಲು, ಸೋಮವಾರ ಸಿಗುತ್ತದೆ. ಗುರುತಿನ ಚೀಟಿಯಲ್ಲಿ ಹೆಸರು ಹೇಗಿದೆಯೋ ಹಾಗೇ ತುಂಬಿ, ಇನಿಷಿಯಲ್ ಸಮೇತ. ಟಿಕೆಟ್ ಕೈಗೆ ಬರುವವರೆಗೆ ಹೋಂಸ್ಟೇಗೆ ಮುಂಗಡ ಕೊಡಬೇಡಿ, ದುಡ್ಡು ವಾಪಸು ಬರುವ ಖಾತ್ರಿ ಇಲ್ಲ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ, ಮಳೆ ಜೋರಾದರೆ ಹಳ್ಳದ ಭಯಕ್ಕೆ ದಾರಿ ಮುಚ್ಚುತ್ತಾರೆ.

ಸೋಮವಾರದ ಬಿಸಿ ತಟ್ಟುವುದು ಜೀಪಿನಲ್ಲಿ. ಬಾಳೆಗಲ್‌ನಿಂದ ಚಾರಣ ಶುರುವಾಗುವ ಮುಳ್ಳೋಡಿಗೆ ಆರೇಳು ಕಿ.ಮೀ. ಬರೀ ಗುಂಡುಕಲ್ಲು, ಕಾರು ಹತ್ತದು. ಎಂಟ್ಹತ್ತು ಜನ ಸೇರಿದರೆ ತಲೆಗೆ 300 ಚಿಲ್ಲರೆ. ಇಬ್ಬರೇ ಇದ್ದರೆ ಪೂರ್ತಿ ಜೀಪು ಎರಡೂವರೆ ಸಾವಿರದ ಹತ್ತಿರ, ಯೋಜನೆಯ ಉಳಿತಾಯವೆಲ್ಲ ಅಲ್ಲೇ ಕರಗುತ್ತದೆ. ಹಿಂದಿನ ರಾತ್ರಿಯೇ ಅಕ್ಕಪಕ್ಕದ ಹೋಂಸ್ಟೇಗಳಲ್ಲಿ ಯಾರು ಹೊರಟಿದ್ದಾರೆ ಅಂತ ವಿಚಾರಿಸಿ ಸೀಟು ತುಂಬಿಸಿಕೊಳ್ಳಬೇಕು. ಹಾಗೆ ತುಂಬಿಸಲು ಇನ್ನೊಂದು ಉಪಾಯವೂ ಇದೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಆರೂವರೆಗೆ ಮುಳ್ಳೋಡಿಯಿಂದ ಕಾಲು ಕಿತ್ತರೆ ಒಂಟಿಮರದ ಹತ್ತಿರ ಮಂಜು ಇನ್ನೂ ಎದ್ದಿರುವುದಿಲ್ಲ, ಬಿಸಿಲಿಲ್ಲದೆ ನಡಿಗೆ ಸಲೀಸು. ಆಮೇಲೆ ಹುಲ್ಲುಗಾವಲ ಏಣು, ನಡುನಡುವೆ ಕಣಿವೆಯ ಶೋಲಾ ಕಾಡು, ಕೊನೆಗೆ ಕಡಿದಾದ ಏರು. ಹತ್ತಲು ನಾಲ್ಕು ಗಂಟೆ, ಇಳಿಯಲು ಮೂರು–ಮೂರೂವರೆ. ಎರಡು ಲೀಟರ್ ನೀರು ಹೊತ್ತೇ ಹೋಗಿ. ಹನ್ನೆರಡೂವರೆ ಆದರೆ ಶಿಖರ ಎಷ್ಟೇ ಹತ್ತಿರವಿದ್ದರೂ ವಾಪಸು ತಿರುಗಬೇಕು, ಇಲ್ಲದಿದ್ದರೆ ಜೀಪಿನವರೂ ಬಸ್ಸಿನವರೂ ಕಾಯುವುದಿಲ್ಲ. 1,890 ಮೀಟರ್ ಚಿಲ್ಲರೆ ಎತ್ತರದಲ್ಲಿ ಗಾಳಿಗೆ ಛತ್ರಿ ತಲೆಕೆಳಗಾಗುತ್ತದೆ. ಗೊಪ್ಪೆಯಂಥ ರೇನ್‌ಕೋಟೇ ಲೇಸು.

ಉಂಬಳಕ್ಕೆ (ಜಿಗಣೆಗೆ) ಒಂದಿಷ್ಟು ಪ್ರಯೋಗ ನಡೆದಿವೆ. ಉಪ್ಪು ಮೊದಲ ಹಳ್ಳದಲ್ಲೇ ತೊಳೆದುಹೋಗುತ್ತದೆ. ಸುಣ್ಣ ಕೆಲಸ ಮಾಡುತ್ತದೆ, ಆದರೆ ಬೆವರಿಗೆ ಚರ್ಮ ಉರಿಯುತ್ತದೆ. ಒಣ ಸೋಪು ತಿಕ್ಕಿದ ಕಾಲುಚೀಲ ನೊರೆ ಬಂದು ಬೂಟಿನೊಳಗೆ ಜಾರುತ್ತದೆ. ಉಳಿದಿದ್ದು ಕೊಬ್ಬರಿ ಎಣ್ಣೆಯಲ್ಲಿ ಕಲಸಿದ ನಶ್ಯ. ಕಾಲುಚೀಲದ ಮೇಲಂಚಿಗೂ ಬೂಟಿನ ನಾಲಿಗೆಗೂ ಹಚ್ಚಿದರೆ ಒಂದು ಹೊತ್ತು ತಡೆಯುತ್ತದೆ. ಹತ್ತಿಕೊಂಡದ್ದನ್ನು ಬಿಡಿಸಲು ಉಪ್ಪಿನ ಪೊಟ್ಟಣ ಕೋಲಿನ ತುದಿಗೆ. ಡಿಸೆಂಬರ್ ಹೊತ್ತಿಗೆ ಅವುಗಳ ಕಾಟವೇ ಕಮ್ಮಿ.

ಸೋಮವಾರಕ್ಕೂ ಟಿಕೆಟ್ ಸಿಗದಿದ್ದರೆ ಅದೇ ಸಂಸೆಯಿಂದ ನೇತ್ರಾವತಿ ಶಿಖರ ಇದೆ, ಅದಕ್ಕೆ ಬೇರೆ ಪರವಾನಗಿ. ಮಂಡಿ ಸರಿ ಇಲ್ಲದವರಿಗೆ ಕುರಿಂಜಾಲ್ ಶಿಖರದ ಹಾದಿ ಚಿಕ್ಕದು. ಇಳಿದು ಐದರೊಳಗೆ ಕಳಸ ಮುಟ್ಟಿದರೆ ಮೂಡಿಗೆರೆ ಮೇಲೆ ಹಾಸನಕ್ಕೆ ರಾತ್ರಿ ಹತ್ತು. ತಡವಾಯಿತೆಂದರೆ ಹೊರನಾಡು ಎಂಟು ಕಿ.ಮೀ., ಊಟ ಅನ್ನಪೂರ್ಣೇಶ್ವರಿಯ ಪ್ರಸಾದ, ಬೆಳಗಿನ ಮೊದಲ ಬಸ್ಸಿಗೆ ಹೊರಟರಾಯಿತು.