ಕಲಬುರಗಿ ಬಿಸಿಲಲ್ಲಿ ಮಷೀನ್ ಹಾಕದೆ ಸ್ಪಿಟ್ಜ್ ತಯಾರು ಮಾಡಿದ್ದು: ನನ್ನ ಅನುಭವ

ಹೋದ ಚಳಿಗಾಲ ಹೈದರಾಬಾದಿನ ಡಾಗ್ ಶೋನಲ್ಲಿ ನಮ್ಮ ಮೋತಿ ತನ್ನ ತಳಿಯಲ್ಲಿ ಮೊದಲು ಬಂದ. ಜಪಾನೀಸ್ ಸ್ಪಿಟ್ಜ್, ಗಂಡು, ಮೂರು ವರ್ಷದ ಆಸುಪಾಸು. ರಿಂಗಿನಲ್ಲಿ ಇದ್ದದ್ದು ನಾಲ್ಕೈದೇ ಸ್ಪಿಟ್ಜ್, ಸರಿ. ಆದರೆ ಉಳಿದವೆಲ್ಲ ಏಸಿ ರೂಮಿನಲ್ಲಿ ಬೆಳೆದವು. ನಮ್ಮವನು ಬೇಸಿಗೆಯನ್ನೆಲ್ಲ ಕಲಬುರಗಿಯಲ್ಲೇ ಕಳೆದವನು, ಮೈಗೆ ಕೂದಲು ಬೋಳಿಸುವ ಮಷೀನ್ ತಾಗಿಸಿಲ್ಲ. "ಸರ, ಈ ಬಿಸಿಲಾಗ ಇಷ್ಟು ಕೂದಲಾ ಇಟ್ರ ನಾಯಿ ಸಾಯ್ತದ್ರಿ, ಬೋಳ್ಸಿ ಬಿಡ್ರಿ" ಅಂದವರೇ ಈಗ ಫೋನ್ ಮಾಡಿ ಹೇಗೆ ಮಾಡಿದ್ರಿ ಅಂತ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಯಿತು, ಅದಕ್ಕೆ ಬರೆಯುತ್ತಿದ್ದೇನೆ.

ಸ್ಟ್ಯಾಂಡರ್ಡ್, ಅಂದರೆ ಈ ತಳಿ ಹೇಗಿರಬೇಕು ಅನ್ನುವ ಶೋ ನಿಯಮ, ಇಷ್ಟು. ಎಫ್‌ಸಿಐ (ಕೆನಲ್ ಕ್ಲಬ್‌ಗಳ ಅಂತರರಾಷ್ಟ್ರೀಯ ಒಕ್ಕೂಟ) ಪಟ್ಟಿಯಲ್ಲಿ 262ನೇ ನಂಬರ್, ಗಂಡಿನ ಎತ್ತರ ಭುಜದ ತನಕ 30ರಿಂದ 38 ಸೆಂಟಿಮೀಟರ್, ಹೆಣ್ಣು ಸ್ವಲ್ಪ ಕಡಿಮೆ, ಎತ್ತರ 10 ಇದ್ದರೆ ಉದ್ದ 11. ನಮ್ಮ ಕಡೆ ಬಿಳಿ ಕೂದಲಿನದನ್ನೆಲ್ಲ ಪಾಮೇರಿಯನ್ ಅಂತಲೇ ಕರೆಯುತ್ತಾರೆ. ಪಾಮೇರಿಯನ್‌ಗೆ ಎಫ್‌ಸಿಐ ಕೊಡೋದೇ 24 ಸೆಂಟಿಮೀಟರ್ ತನಕ. ಇತ್ತ ಇಂಡಿಯನ್ ಸ್ಪಿಟ್ಜ್ ಮರಿಗೆ ಜಪಾನೀಸ್ ಅಂತ ಹೆಸರಿಟ್ಟು ಮಾರುವವರೂ ಇದ್ದಾರೆ. ಕೆಸಿಐ (ಕೆನಲ್ ಕ್ಲಬ್ ಆಫ್ ಇಂಡಿಯಾ) ಪೇಪರ್, ಮೈಕ್ರೋಚಿಪ್ ಎರಡೂ ಇಲ್ಲದ ಮರಿಯನ್ನು ಶೋಗೆ ಅಂತ ಕೊಳ್ಳಬೇಡಿ, ಅಷ್ಟೇ.

ಎತ್ತರ ಅಳೆಯುವಾಗ ಟೇಪ್ ನಂಬಬೇಡಿ. ನಾಯಿಯನ್ನು ಗೋಡೆ ಪಕ್ಕ ನಿಲ್ಲಿಸಿ, ಭುಜದ ಮೇಲಿನ ಕೂದಲನ್ನು ಬೆರಳಲ್ಲಿ ಬಿಡಿಸಿ, ಸ್ಕೇಲ್ ಚರ್ಮಕ್ಕೇ ತಾಗುವ ಹಾಗೆ ಅಡ್ಡ ಇಟ್ಟು ಗೋಡೆಗೆ ಪೆನ್ಸಿಲ್ ಗೆರೆ ಎಳೆಯಿರಿ. ಮೋತಿ ಕೂದಲು ಸೇರಿ ನೋಡಿದರೆ ನಲವತ್ತು ದಾಟಿದ ಹಾಗೆ ಕಾಣುತ್ತಾನೆ. ಗೆರೆ ಬಂದದ್ದು 36ಕ್ಕೆ.

ಇವನಿಗಿಂತ ಮೊದಲು ಒಂದು ಹೆಣ್ಣು ಇತ್ತು. ಪುಣೆಯಿಂದ ತಂದದ್ದು, ಮೂವತ್ತೈದು ಸಾವಿರದ ಹತ್ತಿರ ಬಿದ್ದಿತ್ತು. ಏಪ್ರಿಲ್‌ನಲ್ಲಿ ಎಲ್ಲರೂ ಹೇಳಿದರು ಅಂತ ಬೋಳಿಸಿದ್ದಾಯಿತು. ಬೆನ್ನಿನ ಮೇಲೆ ಒಳಗೂದಲು ಮೊದಲು ಬಂತು, ಮೇಲಿನ ಒರಟು ಕೂದಲು ಅಲ್ಲಲ್ಲಿ ಬಂತು, ಸೊಂಟದ ಹತ್ತಿರ ಬರಲೇ ಇಲ್ಲ. ಬಿಸಿಲಿಗೆ ಚರ್ಮ ಕೆಂಪಾಗಿ ಮದ್ದಿಗೆ ಮೂರ್ನಾಲ್ಕು ಸಾವಿರ. ಎಂಟ್ರಿ ಫೀಸ್ ಕಟ್ಟಿದ್ದೂ ಹೋಯಿತು. ಅವಳು ಈಗ ಅಕ್ಕನ ಮನೆಯಲ್ಲಿ ರೊಟ್ಟಿ ತಿಂದುಕೊಂಡು ಆರಾಮಾಗಿದ್ದಾಳೆ.

ಮೋತಿಗೆ ಮಾಡಿದ್ದು ಉಲ್ಟಾ. ಮೇಲಿನ ಕೂದಲು ಬಿಸಿಲು ತಡೆಯುತ್ತದೆ, ಅದನ್ನು ಮುಟ್ಟಬಾರದು. ತೊಂದರೆ ಕೊಡೋದು ಉದುರಿಯೂ ಒಳಗೇ ಸಿಕ್ಕಿಕೊಂಡಿರುವ ಸತ್ತ ಒಳಗೂದಲು. ಅದು ಹೋದರೆ ಗಾಳಿ ಚರ್ಮದ ತನಕ ಹೋಗುತ್ತದೆ. ಶಿವರಾತ್ರಿ ಹೊತ್ತಿಗೆ ಶುರು ಮಾಡಿ ಯುಗಾದಿ ಒಳಗೆ ಮುಗಿಸುತ್ತೇನೆ. ನಾಯಿಯನ್ನು ಪಕ್ಕಕ್ಕೆ ಮಲಗಿಸಿ, ಎಡಗೈಯಿಂದ ಕೂದಲನ್ನು ಮೇಲಕ್ಕೆ ಒತ್ತಿ ಹಿಡಿದು, ಚರ್ಮದ ಬಿಳಿ ಗೆರೆ ಕಾಣುವ ಹಾಗೆ ಒಂದೊಂದೇ ಸಾಲು ಬ್ರಷ್‌ನಿಂದ ಕೆಳಕ್ಕೆ ಬಿಡಿಸುತ್ತ ಬರಬೇಕು. ಗೆರೆ ಕಾಣದಿದ್ದರೆ ನೀವು ಮೇಲೆ ಮೇಲೆ ಸವರುತ್ತಿದ್ದೀರಿ ಅಂತ ಅರ್ಥ. ಕಿವಿ ಹಿಂದೆ, ತೊಡೆಯ ಹಿಂದೆ ಪ್ಯಾಂಟಿನ ಹಾಗೆ ಇಳಿಬಿದ್ದ ಕೂದಲು, ಕಂಕುಳು, ಈ ಮೂರು ಕಡೆ ಗಂಟು ಗ್ಯಾರಂಟಿ. ಒಣ ಕೂದಲಿಗೆ ಬ್ರಷ್ ಹಾಕಿದರೆ ಮುರಿಯುತ್ತದೆ, ಮೊದಲು ನೀರು ಸ್ವಲ್ಪ ಸಿಂಪಡಿಸಿಕೊಳ್ಳಿ. ಆ ನೀರಿಗೆ ನಾನು ಇನ್ನೊಂದು ಸೇರಿಸುತ್ತೇನೆ, ಅದನ್ನು ಇಲ್ಲಿ ಬರೆಯಲ್ಲ.

ಬಿಸಿಲಿನ ಮಾತು. ಮೇ ತಿಂಗಳು 43 ಡಿಗ್ರಿ ನಮಗೆ ಹೊಸದೇನಲ್ಲ. ವಾಕಿಂಗ್ ಬೆಳಿಗ್ಗೆ ಆರರ ಒಳಗೆ, ರಾತ್ರಿ ಒಂಬತ್ತರ ಮೇಲೆ. ಮಧ್ಯಾಹ್ನ ಮೆಟ್ಟಿಲ ಕೆಳಗೆ ಶಹಾಬಾದ್ ಪರಸಿ ಮೇಲೆ ಬಿದ್ದಿರುತ್ತಾನೆ. ಪಾಲಿಶ್ ಮಾಡದ ಒರಟು ಕಲ್ಲೇ ಬೇಕು. ಪಾಲಿಶ್ ನೆಲದಲ್ಲಿ ಮರಿಯ ಹಿಂಗಾಲು ಜಾರುತ್ತದೆ, ಈ ತಳಿಗೆ ಮೊದಲೇ ಮಂಡಿಚಿಪ್ಪು ಸರಿಯುವ ಕಾಯಿಲೆ ಇದೆ. ಹತ್ತಿರದಲ್ಲಿ ಒದ್ದೆ ಗೋಣಿಚೀಲ ಇಡುತ್ತೇನೆ, ಅವನಾಗಿಯೇ ಹೋಗಿ ಹೊಟ್ಟೆ ಊರುತ್ತಾನೆ. ಮೈಮೇಲೆ ಮಾತ್ರ ಒದ್ದೆ ಬಟ್ಟೆ ಹೊದಿಸಬೇಡಿ, ಒಳಗೆ ಹಬೆ ಕಟ್ಟುತ್ತದೆ. ಕೂಲರ್ ಜೂನ್ ತನಕ ಸಾಕು. ಮಳೆ ಶುರುವಾದ ಮೇಲೆ ಕೂಲರ್ ಬಂದ್, ಇಲ್ಲದಿದ್ದರೆ ಕೂದಲ ಬುಡ ಆರದೆ ಹುಣ್ಣಾಗುತ್ತದೆ.

ನೀರು ನಮ್ಮ ದೊಡ್ಡ ಶತ್ರು. ಬೋರಿನ ಸವಳು ನೀರಿಗೆ ಬಿಳಿ ಕೂದಲು ಹಳದಿಗೆ ತಿರುಗುತ್ತದೆ. ವಾರಕ್ಕೊಮ್ಮೆ ಸ್ನಾನ ಮಾಡಿಸಿದಷ್ಟೂ ಹಳದಿ ಜಾಸ್ತಿಯಾಯಿತು. ಈಗ ಸ್ನಾನ ಒಂದೂವರೆ ತಿಂಗಳಿಗೊಮ್ಮೆ, ಕೊನೆಯ ಎರಡು ಸಲ ತೊಳೆಯೋದು ಕ್ಯಾನ್ ನೀರಿನಿಂದ. ಕ್ಯಾನಿಗೆ ಇಪ್ಪತ್ತೋ ಮೂವತ್ತೋ ರೂಪಾಯಿ, ಎರಡು ಸಾಕು. ನಡುವೆ ಕರಿಮಣ್ಣು ಹತ್ತಿದರೆ ಒದ್ದೆ ಇರುವಾಗ ಒರೆಸಬೇಡಿ, ಪೂರ್ತಿ ಒಣಗಲಿ, ಬ್ರಷ್ ಹಾಕಿದರೆ ಉದುರುತ್ತದೆ. ಕಾಲಿಗೆ, ಎದೆಗೆ ಮೆಕ್ಕೆಜೋಳದ ಬಿಳಿ ಪುಡಿ ಉದುರಿಸಿ ಹೊಡೆದು ತೆಗೆಯುತ್ತೇನೆ. ರಿಂಗಿಗೆ ಹೋಗುವ ಹೊತ್ತಿಗೆ ಒಂದು ಕಣವೂ ಉಳಿಯಬಾರದು. ಪುಡಿಗೆ ಏನು ಬೆರೆಸುತ್ತೀರಿ ಅಂತ ಹೈದರಾಬಾದಿನವರೂ ಕೇಳಿದರು, ನಕ್ಕು ಸುಮ್ಮನಾದೆ.

ಬಟ್ಟೆಗೆ ಹಾಕೋ ನೀಲಿಯನ್ನೂ ಒಮ್ಮೆ ಪರೀಕ್ಷೆ ಮಾಡಿದೆ, ಬಕೆಟ್‌ಗೆ ಬರೀ ಎರಡು ಹನಿ. ಬಾಲ ಬದನೆ ಹೂವಿನ ಬಣ್ಣಕ್ಕೆ ಬಂತು. ಓಣಿ ಹುಡುಗರು ತಿಂಗಳುಗಟ್ಟಲೆ ನಕ್ಕರು.

ಕೂದಲು ಒಣಗಿಸುವ ಬ್ಲೋವರ್‌ಗೆ ಆರೇಳು ಸಾವಿರ ಕೊಟ್ಟೆ, ಅದು ವಸೂಲಾಯಿತು. ಬಿಸಿಗಾಳಿ ಬಟನ್ ಮುಟ್ಟಬೇಡಿ. ಕರೆಂಟ್ ಇರುವಾಗಲೇ ಸ್ನಾನ ಇಟ್ಟುಕೊಳ್ಳಿ.

ಊಟದಲ್ಲಿ ಒಂದು ಪ್ರಯೋಗ ಮಾಡಿದೆ. ಹುರಿದ ಅಗಸಿ ಪುಡಿ ದಿನಕ್ಕೆ ಅರ್ಧ ಚಮಚ, ಮೊಸರನ್ನದ ಜೊತೆ. ಹೊಳಪು ಬಂತು ಅನಿಸುತ್ತದೆ, ಮನೆಯವಳು ನಿಮ್ಮ ಭ್ರಮೆ ಅನ್ನುತ್ತಾಳೆ. ಅಗಸಿ ಹಿಂಡಿ (ಚಟ್ನಿಪುಡಿ) ಮಾತ್ರ ಹಾಕಬೇಡಿ, ಅದರಲ್ಲಿ ಬೆಳ್ಳುಳ್ಳಿ ಇರುತ್ತದೆ, ನಾಯಿಗೆ ವಿಷ.

ಕೂದಲಿಗಿಂತ ಕಷ್ಟ ಆದದ್ದು ಬಾಯಿ. ಅಂಜುವುದು, ಸುಮ್ನೆ ಬೊಗಳುವುದು ಎರಡೂ ಸ್ಟ್ಯಾಂಡರ್ಡ್‌ನಲ್ಲಿ ದೋಷ. ನಮ್ಮ ಓಣಿಯ ಸ್ಪಿಟ್ಜ್‌ಗಳಿಗೆ ಬೊಗಳುವುದೇ ಕೆಲಸ ಅಲ್ವಾ? ನಾಲ್ಕು ತಿಂಗಳ ಮರಿ ಇದ್ದಾಗಿನಿಂದಲೇ ಇವನನ್ನು ಅಪ್ಪನ ಕೆರೆ ದಂಡೆಗೆ, ಆಮೇಲೆ ಸೂಪರ್ ಮಾರ್ಕೆಟ್ ಆಟೋಗಳ ನಡುವೆ ಎತ್ತಿಕೊಂಡು ಹೋಗುತ್ತಿದ್ದೆ. ಶರಣಬಸವೇಶ್ವರ ಜಾತ್ರೆಯ ಡೊಳ್ಳಿಗೆ ಮೊದಲ ವರ್ಷ ಬಾಲ ಇಳಿಸಿ ನನ್ನ ಕಾಲಲ್ಲಿ ಸೇರಿಕೊಂಡ. ಮುಂದಿನ ವರ್ಷ ಬಾಲ ಬೆನ್ನ ಮೇಲೇ ಇತ್ತು. ರಿಂಗಿನಲ್ಲಿ ಜಡ್ಜ್ ಬಾಯಿ ಬಿಡಿಸಿ ಹಲ್ಲು ನೋಡಿದಾಗ ಕಮಕ್ ಕಿಮಕ್ ಅನ್ನಲಿಲ್ಲ. ನನ್ನ ಪ್ರಕಾರ ಗೆಲ್ಲಿಸಿದ್ದು ಅದೇ, ಕೂದಲು ಆಮೇಲೆ.

ಬೀದರಿನ ಗೆಳೆಯರೊಬ್ಬರ ಹತ್ತಿರ ಒಳ್ಳೆ ಹೆಣ್ಣಿದೆ, ಮೂಗು, ತುಟಿ, ಪಾದ ಎಲ್ಲ ಕಡುಕಪ್ಪು. ಮೋತಿಗೆ ಜೋಡಿ ಮಾಡುವ ಮೊದಲು ಎರಡನ್ನೂ ಬೀದರಿನ ಪಶುವೈದ್ಯಕೀಯ ಕಾಲೇಜಿಗೆ ಕರೆದುಕೊಂಡು ಹೋಗಿ ಮಂಡಿ ತೋರಿಸಬೇಕು. ಸರಿ ಇದ್ದರೆ ದೀಪಾವಳಿ ಹೊತ್ತಿಗೆ ಮರಿ. ಕಿವಿ ನಿಲ್ಲುವ ತನಕ ಬುಕಿಂಗ್ ತಗೊಳ್ಳಲ್ಲ, ಅಡ್ವಾನ್ಸ್ ಕಳಿಸಬೇಡಿ.