ಯುದ್ಧದ ಭಾಷಣ ಓದುವಾಗ ಕೈಯಲ್ಲೊಂದು ಪೆನ್ಸಿಲ್ ಇರಲಿ

ಒಂದು ದೇಶ ಇನ್ನೊಂದು ದೇಶಕ್ಕೆ ಸೈನ್ಯ ನುಗ್ಗಿಸಿದಾಗ ಅದರ ಹಿಂದೆಮುಂದೆ ಒಂದು ಭಾಷಣ ಬಂದೇ ಬರುತ್ತದೆ. ಟಿವಿಯಲ್ಲಿ ಅರ್ಧಂಬರ್ಧ ಕೇಳಿ ಬಿಡಬೇಡಿ. ಪೂರ್ತಿ ಭಾಷಣ ಹುಡುಕಿ, ಪ್ರಿಂಟ್ ತೆಗೆದು, ಪೆನ್ಸಿಲ್ ಹಿಡಿದು ಕೂತುಕೊಳ್ಳಿ. ಕಾಪಾಡುವವರು ಯಾರು, ಕಾಪಾಡಿಸಿಕೊಳ್ಳುವವರು ಯಾರು, ರಾಕ್ಷಸ ಯಾರು ಅಂತ ನೋಡಿ ಗೆರೆ ಎಳೆಯಿರಿ. ಯಕ್ಷಗಾನದ ಹಾಗೇ, ಬಣ್ಣದ ವೇಷ ಯಾವುದು, ಸ್ತ್ರೀವೇಷ ಯಾವುದು ಅಂತ ರಂಗಕ್ಕೆ ಬಂದ ಕೂಡಲೇ ಗೊತ್ತಾಗಿಬಿಡುತ್ತದೆ.

ಅಭ್ಯಾಸಕ್ಕೆ 2001ರ ನವೆಂಬರ್ 17ರ ಭಾಷಣ ತಗೊಳ್ಳಿ. ಅಫ್ಘಾನಿಸ್ತಾನದ ಮೇಲೆ ಅಮೆರಿಕದ ಬಾಂಬು ಬೀಳಲು ಶುರುವಾಗಿ ಆರು ವಾರ ಆಗಿತ್ತು. ವಾರವಾರ ರೇಡಿಯೋದಲ್ಲಿ ಅಮೆರಿಕದ ಅಧ್ಯಕ್ಷರು ಮಾತಾಡುವುದು ಆಗ ರೂಢಿಯಾಗಿತ್ತು. ಆ ವಾರ ಅವರ ಹೆಂಡತಿ ಲಾರಾ ಬುಷ್ ಮಾತಾಡಿದರು. ಭಯೋತ್ಪಾದನೆ ವಿರುದ್ಧದ ಹೋರಾಟ ಹೆಂಗಸರ ಹಕ್ಕು ಮತ್ತು ಘನತೆಯ ಹೋರಾಟವೂ ಹೌದು ಎಂದರು.

ಇಲ್ಲಿ ತುಂಬಾ ಜನ ಎಡವುತ್ತಾರೆ. ಹಾಗಾದರೆ ಹೆಂಗಸರ ಕಷ್ಟವೇ ಸುಳ್ಳು ಅಂತ ವಾದಕ್ಕೆ ಇಳಿಯುತ್ತಾರೆ. ಸುಳ್ಳಲ್ಲ, ತಾಲಿಬಾನ್ ಹುಡುಗಿಯರ ಶಾಲೆ ಮುಚ್ಚಿಸಿದ್ದು ನಿಜ, ಹೆಂಗಸರನ್ನು ಕೆಲಸ ಬಿಡಿಸಿದ್ದೂ ನಿಜ. ನೀವು ಕೇಳಬೇಕಾದ್ದು ಬೇರೆ: ಆ ಹೆಂಗಸರು ಏನು ಕೇಳಿದರು? 1977ರಲ್ಲಿ ಶುರುವಾದ ರಾವಾ ಎಂಬ ಅಫ್ಘನ್ ಹೆಂಗಸರ ಸಂಘಟನೆ ಇದೆ. ತಾಲಿಬಾನ್ ಕಾಲದಲ್ಲಿ ಗುಟ್ಟಾಗಿ ಹುಡುಗಿಯರಿಗೆ ಪಾಠ ಹೇಳಿದವರು ಅವರು. ಅವರು ಬಾಂಬ್ ದಾಳಿಯನ್ನು ವಿರೋಧಿಸಿದರು, ಅಮೆರಿಕ ಕೈ ಜೋಡಿಸಿದ ನಾರ್ದರ್ನ್ ಅಲಯನ್ಸ್ ಎಂಬ ತಾಲಿಬಾನ್ ವಿರೋಧಿ ಅಫ್ಘನ್ ಗುಂಪಿನವರನ್ನೂ ನಂಬಬೇಡಿ ಅಂದರು. ಆ ಮಾತಿಗೆ ಕಿವಿಗೊಟ್ಟವರು ಯಾರು?

ಆಮೇಲೆ ಮೈಬಣ್ಣ ನೋಡಿ. ಇದಕ್ಕೆ ಹಳೇ ಕಾರ್ಟೂನ್‌ಗಳಷ್ಟು ಒಳ್ಳೇ ಪಾಠ ಇನ್ನೊಂದಿಲ್ಲ. 1898ರಲ್ಲಿ ಸ್ಪೇನ್ ಮೇಲೆ ಯುದ್ಧಕ್ಕೆ ಹೋಗುವ ಮುಂಚೆ ಅಮೆರಿಕದ ಎಷ್ಟೋ ಪತ್ರಿಕೆಗಳು ಸ್ಪೇನ್ ಆಳುತ್ತಿದ್ದ ಕ್ಯೂಬಾವನ್ನು ಕಷ್ಟದಲ್ಲಿರುವ ಚೆಲುವೆಯಾಗಿ ಬರೆದವು. ಯುದ್ಧ ಗೆದ್ದರು, ಸ್ಪೇನ್ ಕೈಯಲ್ಲಿದ್ದ ಫಿಲಿಪ್ಪೀನ್ಸ್ ಕೂಡ ಅಮೆರಿಕದ ಕೈಗೆ ಬಂತು. 1899ರ ಜನವರಿಯ ಪಕ್ ಎಂಬ ಅಮೆರಿಕದ ಹಾಸ್ಯಪತ್ರಿಕೆಯ ಒಂದು ಚಿತ್ರ ನೋಡಿ: ಅಂಕಲ್ ಸ್ಯಾಮ್, ಅಂದರೆ ಅಮೆರಿಕ, ಮೇಷ್ಟ್ರು, ಮುಂದಿನ ಬೆಂಚಿನಲ್ಲಿ ಮುಖ ಗಂಟಿಕ್ಕಿಕೊಂಡ ಕಪ್ಪು ಬಣ್ಣದ ನಾಲ್ಕು ಮಕ್ಕಳು, ಅವರಲ್ಲಿ ಕ್ಯೂಬಾ ಒಂದು, ಫಿಲಿಪ್ಪೀನ್ಸ್ ಇನ್ನೊಂದು. ಹಿಂದೆ ಒಬ್ಬ ಕಪ್ಪು ಹುಡುಗ ಕಿಟಕಿ ಒರೆಸುತ್ತಿದ್ದಾನೆ, ಚೀನೀ ಹುಡುಗ ಬಾಗಿಲಾಚೆ ನಿಂತಿದ್ದಾನೆ. ಚೆಲುವೆ ಯಾಕೆ ತುಂಟ ಮಗು ಆದಳು? ಹೆಂಗಸನ್ನು ಬಿಡಿಸಿದ ಮೇಲೆ ಮನೆಗೆ ಹೋಗಬೇಕಾಗುತ್ತದೆ, ಮಗುವಿಗೆ ಬುದ್ಧಿ ಕಲಿಸುತ್ತೇವೆ ಅಂದರೆ ಅಲ್ಲೇ ಉಳಿಯಬಹುದು, ಅಲ್ವಾ. ಫಿಲಿಪ್ಪೀನ್ಸ್‌ನಲ್ಲಿ ಹಾಗೆ ಉಳಿಯುವುದಕ್ಕೆ 1899ರಿಂದ 1902ರವರೆಗೆ ಇನ್ನೊಂದು ಯುದ್ಧವೇ ನಡೆಯಿತು.

ಯುದ್ಧ ಬೇಡ ಅನ್ನುವವರನ್ನು ಏನಂತ ಕರೆಯುತ್ತಾರೆ, ಅದಕ್ಕೂ ಗೆರೆ ಹಾಕಿ. ನಮ್ಮಲ್ಲಿ 'ಬಳೆ ತೊಟ್ಟುಕೋ' ಅಂತಾರಲ್ಲ, ಅದೇ. 1898ರಲ್ಲಿ ಹಿಂದೆಮುಂದೆ ನೋಡುತ್ತಿದ್ದ ಅಧ್ಯಕ್ಷ ಮೆಕಿನ್ಲೆಯನ್ನು ಪೊರಕೆ ಹಿಡಿದು ಸಮುದ್ರ ಗುಡಿಸಲು ಹೊರಟ ಮುದುಕಿಯಾಗಿ ಬರೆದಿದ್ದರು.

ಕಾಪಾಡುವವನ ಸ್ವಂತ ಮನೆಯೂ ಹೇಗಿದೆ ನೋಡಿಬನ್ನಿ. 1883ರಿಂದ 1907ರವರೆಗೆ ಈಜಿಪ್ಟನ್ನು ಬ್ರಿಟಿಷರ ಪರವಾಗಿ ಆಳಿದ ಕ್ರೋಮರ್, ಅಲ್ಲಿನ ಹೆಂಗಸರ ಮುಸುಕು ನೋಡಿ ಬಹಳ ಮರುಗಿದವನು. ಊರಿಗೆ ಹೋಗಿ ಇಂಗ್ಲೆಂಡಿನ ಹೆಂಗಸರಿಗೆ ಮತದಾನದ ಹಕ್ಕು ಬೇಡ ಅನ್ನುವ ಸಂಘದ ಮುಂದಾಳಾದ.

ನಮ್ಮ ಶ್ರೀರಂಗಪಟ್ಟಣದ ಕಥೆಯೂ ಇದಕ್ಕೆ ಒದಗುತ್ತದೆ. 1792ರಲ್ಲಿ ಬ್ರಿಟಿಷರು ಮತ್ತು ಅವರ ಮಿತ್ರರು ಟಿಪ್ಪುವಿನ ಅರ್ಧ ರಾಜ್ಯ ಕಿತ್ತುಕೊಂಡು, 3 ಕೋಟಿ 30 ಲಕ್ಷ ರೂಪಾಯಿ ದಂಡ ಹಾಕಿ, ಅವನ ಇಬ್ಬರು ಪುಟ್ಟ ಮಕ್ಕಳನ್ನು ಒತ್ತೆ ಇಟ್ಟುಕೊಂಡರು. ಇಂಗ್ಲಿಷ್ ಚಿತ್ರಕಾರರು ಬರೆದದ್ದು ಮಕ್ಕಳನ್ನು ಅಕ್ಕರೆಯಿಂದ ಬರಮಾಡಿಕೊಳ್ಳುವ ಅಪ್ಪನಂಥ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್.

ಕಡೆಗೆ, ಯುದ್ಧ ಮುಗಿಸುವ ಕಾಗದ ಸಿಕ್ಕರೆ ಅದನ್ನು ಭಾಷಣದ ಪಕ್ಕ ಇಟ್ಟು ಓದಿ. ಅಮೆರಿಕ ಮತ್ತು ತಾಲಿಬಾನ್ 2020ರ ಫೆಬ್ರವರಿ 29ರಂದು ದೋಹಾದಲ್ಲಿ ಸಹಿ ಹಾಕಿದ ಒಪ್ಪಂದ ನೆಟ್‌ನಲ್ಲೇ ಇದೆ, ಕೆಲವೇ ಪುಟ. ಹೆಂಗಸರು ಅನ್ನುವ ಪದ ಅದರಲ್ಲಿ ಹುಡುಕಿ. ಒಂದು ಕಡೆಯೂ ಇಲ್ಲ.