ಅಂಗಡಿಯಲ್ಲಿ ಬೇಕಾಗುವ ಇಂಗ್ಲಿಷ್ ಫ್ರೇಸಲ್ ವರ್ಬ್‌ಗಳು: ‘ಇಟ್’ ಎಲ್ಲಿ ಕೂರಬೇಕು?

ಕನ್ನಡದಲ್ಲಿ ‘ಹಾಕು’ ಬೇರೆ, ‘ಹಾಕಿ ನೋಡು’ ಬೇರೆ. ‘ನೋಡು’ ಸೇರಿದ ಕೂಡಲೇ ಅಳತೆ ಸರಿಹೋಗುತ್ತದಾ ಎಂದು ಪರೀಕ್ಷಿಸುವ ಅರ್ಥ ಬರುತ್ತದೆ. ಇಂಗ್ಲಿಷಿನಲ್ಲಿ ಹೆಚ್ಚುಕಡಿಮೆ ಇದೇ ಕೆಲಸವನ್ನು ಆನ್, ಔಟ್, ಬ್ಯಾಕ್, ಫಾರ್ ಥರದ ಪುಟ್ಟ ಪದಗಳು ಮಾಡುತ್ತವೆ. ಹೀಗೆ ಕ್ರಿಯಾಪದಕ್ಕೆ ಪುಟ್ಟ ಪದ ಸೇರಿ ಆದದ್ದೇ ಫ್ರೇಸಲ್ ವರ್ಬ್. ಆದ್ದರಿಂದ ‘ಟ್ರೈ’ ಅಂದರೇನು, ‘ಆನ್’ ಅಂದರೇನು ಎಂದು ಬಿಡಿಸಿ ಕಲಿಯಬೇಡಿ. ‘ಟ್ರೈ ಆನ್’ ಅಂದರೆ ‘ಹಾಕಿ ನೋಡು’, ಅಷ್ಟೇ.

ಹೆಚ್ಚಿನವರು ಎಡವುವುದು ಅರ್ಥದಲ್ಲಲ್ಲ, ಪದ ಇಡುವ ಜಾಗದಲ್ಲಿ. ‘ಕ್ಯಾನ್ ಐ ಟ್ರೈ ಆನ್ ದಿಸ್ ಶರ್ಟ್?’, ‘ಕ್ಯಾನ್ ಐ ಟ್ರೈ ದಿಸ್ ಶರ್ಟ್ ಆನ್?’ ಎರಡೂ ಸರಿ. ಶರ್ಟಿನ ಬದಲು ‘ಇಟ್’ ಬಂದರೆ ಮಾತ್ರ ಅದು ನಡುವೆಯೇ ಕೂರಬೇಕು: ‘ಟ್ರೈ ಇಟ್ ಆನ್’. ‘ಟ್ರೈ ಆನ್ ಇಟ್’ ತಪ್ಪು. ಪ್ಯಾಂಟಿಗೆ ‘ಇಟ್’ ಕೂಡ ಸಲ್ಲದು. ನಮಗೆ ಅದು ಒಂದೇ ಪ್ಯಾಂಟಾದರೂ ಇಂಗ್ಲಿಷಿನಲ್ಲಿ ಬಹುವಚನ. ಹಾಗಾಗಿ ‘ಟ್ರೈ ದೆಮ್ ಆನ್’. ಜೊತೆ ಶೂಗೂ ಇದೇ. ಆರಿಸುವುದಕ್ಕೆ ‘ಪಿಕ್ ಔಟ್’, ಕೊಂಡದ್ದನ್ನು ಅಂಗಡಿಗೆ ವಾಪಸ್ ಕೊಡುವುದಕ್ಕೆ ‘ಟೇಕ್ ಬ್ಯಾಕ್’: ಇವೂ ಹೀಗೇ ನಡೆಯುತ್ತವೆ. (‘ರಿಟರ್ನ್ ಬ್ಯಾಕ್’ ಅನ್ನಬೇಡಿ, ‘ರಿಟರ್ನ್’ನಲ್ಲೇ ‘ಬ್ಯಾಕ್’ ಇದೆ.)

‘ಲುಕ್ ಫಾರ್’ (ಹುಡುಕು), ‘ಪೇ ಫಾರ್’ (ಕೊಂಡದ್ದಕ್ಕೆ ದುಡ್ಡು ಕೊಡು) ಮಾತ್ರ ಒಡೆಯುವುದಿಲ್ಲ, ಅಂದರೆ ‘ಇಟ್’ ನಡುವೆ ಕೂರುವುದಿಲ್ಲ: ‘ಐ ಆಮ್ ಲುಕಿಂಗ್ ಫಾರ್ ಇಟ್’. ಇದನ್ನು ಕಿವಿಯಲ್ಲೇ ಗುರುತಿಸಬಹುದು. ‘ಟ್ರೈ ಇಟ್ ಆನ್’ನಲ್ಲಿ ಒತ್ತು ‘ಆನ್’ ಮೇಲೆ ಬೀಳುತ್ತದೆ; ‘ಲುಕಿಂಗ್ ಫಾರ್’ನಲ್ಲಿ ‘ಲುಕ್’ ಮೇಲೆ, ‘ಫಾರ್’ ನುಂಗಿಹೋದ ಹಾಗೆ ಕೇಳಿಸುತ್ತದೆ. ಕೇಳಿಸದ್ದರಿಂದಲೇ ಅದನ್ನು ಬಿಟ್ಟು ಮಾತಾಡುವವರು ಬಹಳ. ‘ಪೇ ದ ಬಿಲ್’ ಸರಿ, ‘ಪೇ ದ ಶೂಸ್’ ತಪ್ಪು. ಕೊಂಡ ವಸ್ತುವಿನ ಹೆಸರು ಬಂದರೆ ‘ಫಾರ್’ ಬೇಕೇ ಬೇಕು.

‘ಖಾಲಿಯಾಗಿದೆ’ ಅನ್ನುವುದಕ್ಕೆ ಎರಡು ದಾರಿ. ವಸ್ತುವಿನ ಕಡೆಯಿಂದ ಹೇಳಿದರೆ ‘ದಿಸ್ ಸೈಜ್ ಈಸ್ ಸೋಲ್ಡ್ ಔಟ್’. ಅಂಗಡಿಯವರ ಕಡೆಯಿಂದಾದರೆ ‘ವೀ ಹ್ಯಾವ್ ರನ್ ಔಟ್ ಆಫ್ ದಿಸ್ ಸೈಜ್’. ಇಲ್ಲಿ ‘ಆಫ್’ ಬಿಟ್ಟರೆ ವಾಕ್ಯ ಕೆಡುತ್ತದೆ.

ಏನು ಬೇಕೆಂದು ಅಂಗಡಿಯವರು ಕೇಳಿದಾಗ, ಸುಮ್ಮನೆ ನೋಡಲು ಬಂದಿದ್ದರೆ ‘ಜಸ್ಟ್ ಲುಕಿಂಗ್, ಥ್ಯಾಂಕ್ಸ್’ ಸಾಕು. ‘ಲುಕಿಂಗ್ ಫಾರ್’ ಅಂದುಬಿಟ್ಟರೆ ವಸ್ತುವಿನ ಹೆಸರಿಗಾಗಿ ಕಾಯುತ್ತಾರೆ.

ಅಭ್ಯಾಸಕ್ಕೆ ದಿನಕ್ಕೆ ಎರಡೇ ಕ್ರಿಯಾಪದ ಸಾಕು. ಒಡೆಯುವಂಥದಾದರೆ ಮೂರು ರೂಪದಲ್ಲಿ ಗಟ್ಟಿಯಾಗಿ ಹೇಳಿ: ವಸ್ತುವಿನ ಹೆಸರು ಕೊನೆಗೆ, ಹೆಸರು ನಡುವೆ, ಆಮೇಲೆ ‘ಇಟ್’ ಅಥವಾ ‘ದೆಮ್’ ನಡುವೆ. ಮೂರನೆಯದನ್ನು ಹೆಚ್ಚು ಸಲ ಹೇಳಿ. ಬಟ್ಟೆ ಕೈಯಲ್ಲಿ ಹಿಡಿದು ಕೇಳುವಾಗ ಬಾಯಿಗೆ ಬರಬೇಕಾದದ್ದು ಅದೇ.